ಹುಲ್ಲಿನ ಕೆಳಗಿನ ದಾರಿ

ಸಂತಾಪಸಭೆಯಲ್ಲಿ ಅವರನ್ನು ಪ್ರಕೃತಿಪ್ರೇಮಿ ಎಂದರು. ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಎದ್ದು ಹೋಗಿ ಮೈಕು ಕಸಿದುಕೊಳ್ಳಬೇಕು ಎನ್ನಿಸಿತು. ಕಸಿದುಕೊಳ್ಳಲಿಲ್ಲ; ಸರ್ಕಾರಿ ನೌಕರಿಯಲ್ಲಿ ಏಳೆಂಟು ವರ್ಷ ಕಳೆದವರಿಗೆ ಅನ್ನಿಸಿದ್ದನ್ನು ನುಂಗಿಕೊಳ್ಳುವುದು ಚೆನ್ನಾಗಿ ಬರುತ್ತದೆ. ನಮ್ಮ ಕಚೇರಿಯ ಸಾಹೇಬರು ಮುಂದುವರಿಸಿದರು: ನಿವೃತ್ತಿಯ ನಂತರವೂ ಪ್ರತಿ ರವಿವಾರ ಬೆಟ್ಟ ಹತ್ತುತ್ತಿದ್ದ ಚಾರಣಪ್ರಿಯರು, ಆರೋಗ್ಯದ ಕಾಳಜಿ ಇದ್ದವರು, ಇಂದಿನ ಯುವಕರಿಗೆ ಮಾದರಿ. ಒಂದು ನಿಮಿಷ ಮೌನ. ಆಮೇಲೆ ಚಹಾ, ಚೂಡಾ.

ಪ್ರಕೃತಿಪ್ರೇಮಿಯಂತೆ. ನನ್ನ ಕಣ್ಣೆದುರು ಅವರು ಒಂದು ಸಲವೂ ಸೂರ್ಯ ಮುಳುಗುವುದನ್ನು ನೋಡಿ ಆಹಾ ಎಂದದ್ದಿಲ್ಲ. ಹಕ್ಕಿಗಳ ಹೆಸರು ಅವರಿಗೆ ಗೊತ್ತಿರಲಿಲ್ಲ. ಹೂವು ಕಂಡರೆ ದಾಟಿಕೊಂಡು ಹೋಗುತ್ತಿದ್ದರು. ಆ ಮನುಷ್ಯ ಬೆಟ್ಟ ಹತ್ತುತ್ತಿದ್ದದ್ದು ಸಿಟ್ಟಿನಿಂದ. ಆ ಸಿಟ್ಟು ಯಾತಕ್ಕೆ, ಯಾರ ಮೇಲೆ ಎಂಬುದು ಅಲ್ಲಿ ಚೂಡಾ ತಿನ್ನುತ್ತಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ, ನಮ್ಮ ಕಚೇರಿ ಯಾವ ಊರಿನದೆಂದೂ ಹೇಳುವುದಿಲ್ಲ. ಹೇಳಿದರೆ ನಾಳೆಯೇ ಅವರ ಫೋಟೋಕ್ಕೆ ಕಟ್ಟು ಹಾಕಿಸಿ, ಊದುಬತ್ತಿ ಹಚ್ಚಿ, ಅದರ ಕೆಳಗೇ ಕುಳಿತು ಮತ್ತೆ ಅದೇ ಕೆಲಸ ಮಾಡುತ್ತಾರೆ.

ಅವರು ಭೂಮಾಪಕರು. ನಾನೂ ಭೂಮಾಪಕಿ. ಗುರುಮಠಕಲ್ಲಿನಿಂದ ಬಂದು ಕೆಲಸಕ್ಕೆ ಸೇರಿದಾಗ ನನ್ನ ಮಾತಿನಲ್ಲಿ ಅರ್ಧ ತೆಲುಗು ಇರುತ್ತಿತ್ತು. ಕಚೇರಿಯಲ್ಲಿ ಎಲ್ಲರೂ ನಗುತ್ತಿದ್ದರು. ಅವರೊಬ್ಬರು ನಗಲಿಲ್ಲ. ಆಗ ಅವರ ನಿವೃತ್ತಿಗೆ ನಾಲ್ಕು ವರ್ಷವಿತ್ತು. ಹಣೆಯ ಮೇಲೆ ದಪ್ಪಗೆ ವಿಭೂತಿ, ಕಿಸೆಯಲ್ಲಿ ಎರಡು ಸೀಸದಕಡ್ಡಿ, ಕಾಲಲ್ಲಿ ಲೇಸಿಲ್ಲದ ಕ್ಯಾನ್ವಾಸ್ ಬೂಟು. "ಯಾವ ಭಾಷಾದಾಗರ ಮಾತಾಡು ತಂಗಿ, ಅಳತಿ ಬರೋಬ್ಬರಿ ಇರಲಿ," ಎಂದರು. ಅಂದಿನಿಂದ ಅವರಿಗೆ ನಾನು ತಂಗಿಯಾದೆ.

ಅವರ ಸಿಟ್ಟು ಅರ್ಥವಾಗಬೇಕಾದರೆ ನಮ್ಮ ಕಸುಬಿನ ಒಂದು ಸಂಗತಿ ಗೊತ್ತಿರಬೇಕು. ಪ್ರತಿ ಊರಿಗೂ ಒಂದು ಹಳೆಯ ನಕ್ಷೆ ಇರುತ್ತದೆ. ಅದರಲ್ಲಿ ಕಾಲುದಾರಿಗಳನ್ನು ಚುಕ್ಕಿಗೆರೆಯಲ್ಲಿ ತೋರಿಸಿರುತ್ತಾರೆ. ಹೊಲ ಯಾರದೇ ಇರಲಿ, ಆ ಚುಕ್ಕಿಗೆರೆಯ ಮೇಲೆ ಎಲ್ಲರೂ ನಡೆಯಬಹುದು. ಜನ ನಡೆಯುವುದನ್ನು ಬಿಟ್ಟರೆ ಮಾತ್ರ ಕೆಟ್ಟಿತು. ಒಬ್ಬ ನೇಗಿಲು ಹೊಡೆಯುತ್ತಾನೆ, ಇನ್ನೊಬ್ಬ ಬೇಲಿ ಹಾಕುತ್ತಾನೆ, ನಾಲ್ಕು ವರ್ಷ ಬಿಟ್ಟು ಯಾರೋ ಒಬ್ಬರು ಈ ದಾರಿ ಬಳಕೆಯಲ್ಲಿಲ್ಲ, ನಕ್ಷೆಯಿಂದ ತೆಗೆಯಿರಿ ಎಂದು ಅರ್ಜಿ ಕೊಡುತ್ತಾರೆ. ನಮ್ಮವರು ಹೋಗಿ ನೋಡಿ, ಹೌದು ಎಂದು ಬರೆದುಬಿಡುತ್ತಾರೆ. ಚುಕ್ಕಿಗೆರೆ ಅಳಿಸಿಹೋಗುತ್ತದೆ.

"ಆರು ದಿನ ದಾರಿ ಕಾಗದದ ಮ್ಯಾಲ ಉಳಸ್ತೀವಿ. ಐತ್ವಾರ ನೆಲದ ಮ್ಯಾಲ ಉಳಸಬೇಕು," ಎನ್ನುತ್ತಿದ್ದರು. ಅವರ ಚಾರಣವೆಂದರೆ ಇಷ್ಟೇ. ದಸರೆ ಮುಗಿದು, ಬೆಟ್ಟದ ಹುಲ್ಲು ಹಳದಿ ತಿರುಗಿ ಬಾಗತೊಡಗಿದಾಗ ಶುರು. ಶಹಾಪುರದಿಂದ ಸುರಪುರದವರೆಗೆ ಹರಡಿದ ಗುಂಡುಕಲ್ಲಿನ ಬೆಟ್ಟಗಳಲ್ಲಿ ಯಾವ ಯಾವ ಊರಿನಿಂದ ಯಾವ ಕಾಲುದಾರಿ ಮೇಲೆ ಹೋಗುತ್ತದೆ ಎಂಬುದರ ಪಟ್ಟಿ ಅವರ ಹತ್ತಿರ ಇತ್ತು. ವಾರಕ್ಕೊಂದು ದಾರಿ. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ನೀರು, ಒಂದು ಕುಡಗೋಲು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನಕ್ಷೆಯ ನಕಲು. ಕುಡಗೋಲಿನಿಂದ ದಾರಿಗೆ ಬಾಗಿದ ಮುಳ್ಳು ಸವರುತ್ತಿದ್ದರು. ಹೊಸ ದಾರಿ ಎಂದೂ ಕಡಿಯಲಿಲ್ಲ. ಯಾದಗಿರಿಯ ಕೋಟೆಬೆಟ್ಟಕ್ಕೆ ಹೋಗೋಣವೆಂದು ನಾನೊಮ್ಮೆ ಅಂದದ್ದಕ್ಕೆ, "ಆ ಗುಡ್ಡಕ್ಕ ಮೆಟ್ಟಲ ಅದಾವ, ಮಂದಿ ಅದಾರ. ಅದಕ್ಕ ನಾನ್ಯಾಕ ಬೇಕು?" ಎಂದು ಮುಖ ತಿರುವಿದರು.

ನಾಲ್ಕು ವರ್ಷದ ನಾಲ್ಕು ಹಂಗಾಮು ನಾನು ಅವರ ಹಿಂದೆ ನಡೆದೆ. ಹಿಂದೆ ಎಂದರೆ ಹಿಂದೆಯೇ. ಪಕ್ಕದಲ್ಲಿ ನಡೆದರೆ ಬೈಗುಳ. "ಒಬ್ಬರ ಹೆಜ್ಜಿ ಮ್ಯಾಲ ಒಬ್ಬರು ಹೆಜ್ಜಿ ಇಡ್ರಿ. ಹರಡಿ ನಡದ್ರ ಹುಲ್ಲು ಸಾಯತದ, ದಾರಿ ಆಗಂಗಿಲ್ಲ." ಒಂದು ಸಲ ಕಾಲೇಜಿನ ಹುಡುಗ ಹುಡುಗಿಯರ ದೊಡ್ಡ ಗುಂಪು ಬೆಟ್ಟದ ತುಂಬ ಕುರಿಗಳ ಹಾಗೆ ಹರಡಿಕೊಂಡು, ಫೋಟೋ ತೆಗೆದುಕೊಳ್ಳುತ್ತ ಮೇಲೆ ಬರುತ್ತಿತ್ತು. ಇವರು ಬಂಡೆಯ ಮೇಲೆ ನಿಂತು ಎಲ್ಲರನ್ನೂ ನಿಲ್ಲಿಸಿದರು. ಕರಿಕನ್ನಡಕದ ಒಬ್ಬ, "ಅಂಕಲ್, ನಾವು ಎಂಜಾಯ್ ಮಾಡಾಕ ಬಂದೀವಿ," ಎಂದ. "ಮಾಡಪಾ. ಯಾರು ಬ್ಯಾಡ ಅಂದಾರ? ಸಾಲಿನ್ಯಾಗ ನಿಂತು ಮಾಡು," ಎಂದರು. ಗುಂಪು ಗೊಣಗುತ್ತ ಸಾಲಾಗಿ ಹತ್ತಿತು. ಆ ಹುಡುಗರು ಮಧ್ಯಾಹ್ನ ಇಳಿಯುವ ಹೊತ್ತಿಗೆ ಹುಲ್ಲಿನ ನಡುವೆ ಬೈತಲೆ ತೆಗೆದ ಹಾಗೆ ದಾರಿ ಬಿದ್ದಿತ್ತು. ಅವತ್ತು ಮಾತ್ರ ಇವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು.

ಶಹಾಪುರದ ಹತ್ತಿರ ರಸ್ತೆಯಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟವಿದೆಯಲ್ಲ, ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. "ಗುಡ್ಡ ಮಲಗ್ಯಾದ, ಖರೇ. ನೀವ್ಯಾಕ ಕಾರಿನ್ಯಾಗ ಮಲಗೀರಿ? ಇಳೀರಿ, ನಡೀರಿ," ಎಂದು ಪರಿಚಯವಿಲ್ಲದವರಿಗೂ ಹೇಳಿಬಿಡುತ್ತಿದ್ದರು. ನನಗೆ ನಾಚಿಕೆಯಾಗಿ ನಾಲ್ಕು ಮಾರು ದೂರ ನಿಲ್ಲುತ್ತಿದ್ದೆ.

ಆ ಪಟ್ಟಿಯಲ್ಲಿ ಅವರು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿದ್ದದ್ದು ಒಂದು ಚಿಕ್ಕ ದಾರಿಯನ್ನು. ಒಂದು ಹಳ್ಳಿ. ಅದರ ತುದಿಗೆ ಕೇರಿ. ಕೇರಿಯ ಹಿಂದೆ ಎರಡು ಹೊಲ, ಹೊಲ ದಾಟಿದರೆ ಬೆಟ್ಟ. ಚುಕ್ಕಿಗೆರೆ ಆ ಹೊಲಗಳ ನಡುವೆ ಹಾದು, ಎರಡು ದೊಡ್ಡ ಗುಂಡುಗಳ ಸಂದಿನಲ್ಲಿ ನುಸುಳಿ, ಸೀತಾಫಲದ ಗಿಡಗಳಿರುವ ಇಳಿಜಾರಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಆ ಕಡೆ ಯಾರೂ ಸುಳಿಯುವುದಿಲ್ಲ. ಹಾವಿನ ಭಯ, ಮೇಲಾಗಿ ಕಳೆ ತೆಗೆಯುವ ಕೂಲಿ ಇರುತ್ತದೆ. ಹಣ್ಣಿನ ಕಾಲ ಬಂತೆಂದರೆ ಕೇರಿಯ ಹೆಂಗಸರು ನಸುಕಿನಲ್ಲೇ ಬುಟ್ಟಿ ಹೊತ್ತು ಮೇಲೆ ಹೋಗಿ, ಬಿಸಿಲೇರುವ ಮೊದಲು ಇಳಿದು, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುತ್ತಾರೆ. ಆ ಎರಡು ತಿಂಗಳ ದುಡಿಮೆಗೆ ಯಾರ ಹೊಲದ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅವರಲ್ಲಿ ಹಿರಿಯಳು ಮರೆಮ್ಮ. ಆಕೆಯ ಮನೆಯ ಅಂಗಳದಲ್ಲಿ ಕುಳಿತು ಇವರು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ವಿಭೂತಿ ಹಚ್ಚಿದವರು ಅಲ್ಲಿ ನೀರು ಕುಡಿದರೆಂದು ನಮ್ಮ ಕಚೇರಿಯಲ್ಲಿ ಒಂದು ವಾರ ಪಿಸುಮಾತು ನಡೆದಿತ್ತು. ಇಂಥವರೇ ಈಗ ಮೌನ ಆಚರಿಸಿದವರು.

ಮೊದಲ ವರ್ಷ ನಾನು ಆ ಹೊಲದಂಚಿನಲ್ಲಿ ನಿಂತು, "ದಾರಿ ಎಲ್ಲದರೀ ಸರ್? ಬರೇ ಹುಲ್ಲಽ ಅದಲ್ಲ," ಎಂದೆ. ಅವರು ಕುಕ್ಕರಗಾಲಲ್ಲಿ ಕುಳಿತು ಹುಲ್ಲನ್ನು ಎರಡೂ ಕೈಯಿಂದ ಸೀಳಿದರು. ಕೆಳಗೆ ನೆಲಕ್ಕೆ ಅಂಟಿದ ಕಲ್ಲು. ನನ್ನ ಅಂಗೈ ಹಿಡಿದು ಅದರ ಮೇಲೆ ಇಟ್ಟರು.

"ಹ್ಯಾಂಗದ?"

"ನುಣ್ಣಗದರಿ."

"ಅಂಚಿಗೆ ಮುಟ್ಟು."

ಅಂಚು ಒರಟಾಗಿತ್ತು. "ಮಳಿ ತೊಳದ ಕಲ್ಲು ಎಲ್ಲಾ ಕಡೆ ನುಣ್ಣಗಿರತದ. ಇದು ನಡುವ ಅಷ್ಟಽ ಸವದದ. ಇದು ಕಾಲು ತಿಕ್ಕಿದ್ದು, ತಂಗಿ. ಮರೆಮ್ಮನ ಅವ್ವಂದು, ಆಕಿ ಅವ್ವಂದು. ಹುಲ್ಲು ಮ್ಯಾಲಿಂದ ನೋಡಿ ದಾರಿ ಇಲ್ಲ ಅನ್ನಬ್ಯಾಡ. ತಳಗ ಬಗ್ಗು." ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಯಾವ ದೇವರ ಮುಂದೆಯೂ ಹೇಳುವಂತಿಲ್ಲ.

ಅವರು ನಿವೃತ್ತರಾದ ಮರುವರ್ಷ ಆ ಎರಡೂ ಹೊಲಗಳನ್ನು ಒಬ್ಬ ಸಾಹುಕಾರರು ಕೊಂಡರು. ಶ್ರಾವಣದಲ್ಲಿ ಸುತ್ತಲೂ ಸಿಮೆಂಟಿನ ಕಂಬ ನೆಟ್ಟು ತಂತಿಬೇಲಿ ಹಾಕಿಸಿ, ನಕ್ಷೆಯಲ್ಲಿರುವ ಕಾಲುದಾರಿ ಬಳಕೆಯಲ್ಲಿಲ್ಲವೆಂದು ಅರ್ಜಿ ಕೊಟ್ಟರು. ಸ್ಥಳ ನೋಡಿ ವರದಿ ಕೊಡಲು ಸಾಹೇಬರು ನನ್ನನ್ನು ಕಳಿಸಿದರು. ಗಣೇಶನ ಹಬ್ಬ ಮುಗಿದ ವಾರ. ಮಳೆಗಾಲದ ಹುಲ್ಲು ನನ್ನ ಎದೆಯ ಮಟ್ಟಕ್ಕಿತ್ತು.

ನನಗೆ ಯಾರೂ ಲಂಚ ಕೊಡಲಿಲ್ಲ. ಇದನ್ನು ಹೇಳುತ್ತಿರುವುದು ನನ್ನನ್ನು ಕಾಪಾಡಿಕೊಳ್ಳಲು ಅಲ್ಲ. ಲಂಚ ತೆಗೆದುಕೊಂಡಿದ್ದರೆ ಕನಿಷ್ಠ ಒಂದು ಕಾರಣವಾದರೂ ಇರುತ್ತಿತ್ತು. ಸಾಹುಕಾರರ ಜೀಪಿನಲ್ಲಿ ಹೋದೆ. ಅವರ ಹೆಂಡತಿ ಫ್ಲಾಸ್ಕಿನಲ್ಲಿ ಚಹಾ ಕಳಿಸಿದ್ದರು. ಮೋಡ ಕಟ್ಟಿತ್ತು, ನಾನು ಹೊಸ ಚಪ್ಪಲಿ ಹಾಕಿದ್ದೆ, ಕೆಸರಿತ್ತು. ಬೇಲಿಯ ಹೊರಗೆ ನಿಂತು ಒಂದು ಸಲ ಕಣ್ಣು ಹಾಯಿಸಿದೆ. ಒಳಗಿನಿಂದ ಏನೋ ಚುಚ್ಚಿತು, ನಿಜ. ಕಂಡದ್ದನ್ನಷ್ಟೇ ಬರೆಯಬೇಕು ಎಂದು ನಮ್ಮ ಸರ್ ಅವರೇ ಕಲಿಸಿದ್ದಾರಲ್ಲ ಎಂದು ಆ ಚುಚ್ಚನ್ನು ಅಲ್ಲೇ ಅದುಮಿದೆ. "ಸ್ಥಳದಲ್ಲಿ ಕಾಲುದಾರಿಯ ಕುರುಹು ಕಂಡುಬಂದಿರುವುದಿಲ್ಲ" ಎಂದು ಬರೆದು ರುಜು ಹಾಕಿದೆ. ಒಂದು ತಿಂಗಳು ತಡೆದಿದ್ದರೆ ಹುಲ್ಲು ಒಣಗಿ ಬೀಳುತ್ತಿತ್ತು. ಆ ಬೆಟ್ಟಗಳಲ್ಲಿ ನಾಲ್ಕು ವರ್ಷ ನಡೆದವಳು ನಾನು.

ನಕ್ಷೆಯಿಂದ ಗೆರೆ ತೆಗೆದ ಆದೇಶದ ನಕಲು ಹಿಡಿದು, ನಿವೃತ್ತರಾಗಿದ್ದ ಅವರು ಕಚೇರಿಗೆ ಬಂದರು. ಎಲ್ಲರ ಎದುರು ಕೂಗುತ್ತಾರೆಂದುಕೊಂಡಿದ್ದೆ. ಕೂಗಲಿಲ್ಲ. ನನ್ನ ಮೇಜಿನ ಮುಂದೆ ನಿಂತು ಮೆಲ್ಲಗೆ ಕೇಳಿದರು.

"ಬೇಲಿ ದಾಟಿದ್ಯಾ?"

"ಇಲ್ರಿ ಸರ್."

"ಹುಲ್ಲು ಸರಿಸಿದ್ಯಾ?"

"ಇಲ್ರಿ."

"ಒಳಗ ಕಾಲರ ಇಟ್ಟಿದ್ಯಾ?"

ನಾನು ಮೇಜಿನ ಮೇಲಿದ್ದ ಕಡತ ಮುಚ್ಚಿದೆ.

"ಮತ್ತ ಕಂಡಿಲ್ಲ ಅಂತ ಯಾವ ಕಣ್ಣಿನಿಂದ ಬರದ್ರಿ, ಮೇಡಮ್ರ?"

ತಂಗಿ ಹೋಗಿ ಮೇಡಮ್ ಆಗಿದ್ದೆ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಅವರು ಮರೆಮ್ಮನ ಹೆಸರಿನಲ್ಲಿ ಮೇಲಿನ ಕಚೇರಿಗೆ ಮೇಲ್ಮನವಿ ಹಾಕಿಸಿದರು. ಕಾಗದವೆಲ್ಲ ಅವರೇ ಬರೆದರು, ತಾರೀಖಿಗೆ ತಾರೀಖಿಗೆ ಅವರೇ ಆಕೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಅಲ್ಲಿ ಪ್ರತಿ ಸಲವೂ ಕೇಳಿದ್ದು ಒಂದೇ: ದಾರಿಯೇ ಇಲ್ಲವೆಂದು ಸ್ಥಳ ನೋಡಿದ ಭೂಮಾಪಕರ ವರದಿ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ?

ಒಂದೇ ಒಂದು ಸಲ ಅವರು ನನ್ನ ಮನೆಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ, "ನೋಡದ ಬರದೀನಿ ಅಂತ ನೀವು ಒಂದು ಕಾಗದ ಕೊಟ್ರ ದಾರಿ ಉಳೀತದ," ಎಂದರು.

"ನೌಕರಿ ಹೋಗತದ್ರಿ ಸರ್."

"ನೌಕರಿ ಹೋಗಂಗಿಲ್ಲ. ನೋಟಿಸ ಬರತದ. ಎರಡಕ್ಕೂ ಭಾಳ ಫರಕ್ ಅದ."

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಎರಡು ವರ್ಷ ಯೋಚನೆ ಮಾಡಿದೆ. ಬಡ್ತಿ ಬರಲಿ ಎಂದೆ, ಬಂತು. ಈ ಸಾಹೇಬರು ವರ್ಗವಾಗಲಿ ಎಂದೆ, ಅವರು ಆಗಲಿಲ್ಲ. ಅಷ್ಟರಲ್ಲಿ ನಮ್ಮ ಸರ್ ಅವರ ಮೊಣಕಾಲು ಕೆಟ್ಟಿತು. ಆದರೂ ಹುಲ್ಲು ಹಳದಿಯಾದ ಮೇಲೆ ಪ್ರತಿ ರವಿವಾರ ಕೋಲೂರಿಕೊಂಡು ಆ ಬೇಲಿಯವರೆಗೆ ನಡೆದು, ತಂತಿ ಹಿಡಿದು ಹತ್ತು ನಿಮಿಷ ನಿಂತು ಬರುತ್ತಿದ್ದರಂತೆ. ಇದನ್ನೇ ಸಾಹೇಬರು ಆರೋಗ್ಯದ ಕಾಳಜಿ ಎಂದದ್ದು. ಈ ವರ್ಷ ದಸರೆಗೆ ಮೂರು ದಿನವಿರುವಾಗ ಎದೆನೋವು ಬಂದು, ಕಲಬುರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಮೇಲ್ಮನವಿ ಇನ್ನೂ ಮುಗಿದಿಲ್ಲ.

ಸಂತಾಪಸಭೆಯ ಮರುದಿನವೇ ರವಿವಾರ. ಆ ಹಳ್ಳಿಗೆ ಹೋದೆ. ಬೇಲಿಯ ಮಗ್ಗುಲಲ್ಲಿ ಮರೆಮ್ಮ ಮತ್ತು ಇನ್ನಿಬ್ಬರು ಹೆಂಗಸರು ಬುಟ್ಟಿ ಇಳಿಸಿ ಕುಳಿತಿದ್ದರು. ಈಗ ಅವರು ಬೆಟ್ಟದ ಹಿಂಬದಿಯಿಂದ ಸುತ್ತಿಕೊಂಡು ಹೋಗಿ ಬರುತ್ತಾರೆ. ಬರುವಷ್ಟರಲ್ಲಿ ಬಿಸಿಲೇರಿ, ಕಳಿತ ಹಣ್ಣು ಬುಟ್ಟಿಯಲ್ಲೇ ಒಡೆದುಹೋಗುತ್ತದೆ. ಮೊದಲು ಎಂಟು ಮಂದಿ ಹೋಗುತ್ತಿದ್ದರು, ಈಗ ಮೂವರು. ಉಳಿದವರು ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾರೆ, ಇದೇ ಸಾಹುಕಾರರ ಇನ್ನೊಂದು ಹೊಲಕ್ಕೆ.

ಮರೆಮ್ಮ ನನ್ನನ್ನು ನೋಡಿ ಎದ್ದಳು. "ನಮ್ಮ ಸಾಹೇಬ್ರ ತಂಗಿ ಬಂದಾಳ ನೋಡ್ರೇ," ಎಂದು ಉಳಿದವರಿಗೆ ಹೇಳಿ, ಬುಟ್ಟಿಯಲ್ಲಿ ಕೈಯಾಡಿಸಿ ಒಳ್ಳೆಯ ಹಣ್ಣು ಆರಿಸಿ ನನ್ನ ಕೈಯಲ್ಲಿಟ್ಟಳು. "ಹ್ವಾದ ವಾರ ಸಾಹೇಬ್ರು ಬರಲಿಲ್ಲ ಯವ್ವಾ. ಮೊಣಕಾಲು ಭಾಳ ನೋಯಾಕತ್ತದೇನು?"

ಹೇಳಿದೆ. ಆಕೆ ಅಲ್ಲೇ ಕುಳಿತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಇನ್ನ ನೀನಽ ದಿಕ್ಕು ನಮಗ. ಅವರು ಹೇಳತಿದ್ರು, ನನ್ನ ತಂಗಿಗಿ ಈ ದಾರಿ ಗೊತ್ತದ ಅಂತ," ಎಂದಳು.

ಅವರು ಹೇಳಿಯೇ ಇರಲಿಲ್ಲ. ಎರಡು ವರ್ಷ ತಾರೀಖಿಗೆ ಅಲೆದರೂ, ಆ ವರದಿ ಬರೆದದ್ದು ಯಾರು ಎಂದು ಓದುಬರಹ ಬಾರದ ಈ ಹೆಂಗಸಿಗೆ ಹೇಳಿರಲಿಲ್ಲ. ನನ್ನ ಎದುರು ಮೇಡಮ್, ಇವರ ಎದುರು ಇನ್ನೂ ತಂಗಿ. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಬೈಯಬೇಕಿತ್ತು, ಊರ ತುಂಬ ಹೇಳಬೇಕಿತ್ತು, ಇವಳೇ ನಿಮ್ಮ ದಾರಿ ತಿಂದವಳು ಎಂದು ಕೈ ತೋರಿಸಬೇಕಿತ್ತು. ಅದನ್ನು ಮಾಡದೆ, ನಾನೇ ಹೇಳಬೇಕಾದ ಹಾಗೆ ಬಿಟ್ಟು ಹೋಗಿದ್ದಾರೆ.

"ದಾರಿ ಇಲ್ಲ ಅಂತ ಬರದಾಕಿ ನಾನಽ, ಮರೆಮ್ಮ," ಎಂದೆ.

"ಏನಂದಿ?"

"ಇಲ್ಲೇ, ಈ ಬೇಲಿ ಹೊರಗ ನಿಂತು ಬರದೀನಿ. ಒಳಗ ಹೋಗಿ ನೋಡಲಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು. ಉಳಿದ ಇಬ್ಬರು ಎದ್ದು ಬುಟ್ಟಿ ಹೊತ್ತುಕೊಂಡರು. ಮರೆಮ್ಮ ಬೈಯಲಿಲ್ಲ. ಮುಂದೆ ಬಂದು ನನ್ನ ಕೈಯಲ್ಲಿದ್ದ ಹಣ್ಣನ್ನು ತಿರುಗಿ ತೆಗೆದುಕೊಂಡು ತನ್ನ ಬುಟ್ಟಿಗೆ ಹಾಕಿದಳು.

"ನೋಡಿಲ್ಲ ಅಂತ ಬರದು ಕೊಟ್ಟು ಬಾ," ಎಂದಳು. "ಆಮ್ಯಾಗ ತಿನ್ನುವಂತಿ."

ಸೋಮವಾರ ಕಚೇರಿ ತೆಗೆಯುವ ಹೊತ್ತಿಗೆ ಹೋಗಿ ಕುಳಿತು ಅರ್ಧ ಪುಟ ಬರೆದೆ. ಹುಲ್ಲು ಬೆಳೆದ ಕಾಲದಲ್ಲಿ ಬೇಲಿಯ ಹೊರಗೆ ನಿಂತು, ಸ್ಥಳದಲ್ಲಿ ಹೆಜ್ಜೆ ಇಡದೆ ಆ ವರದಿ ಬರೆದಿದ್ದೇನೆ, ದಾರಿ ಇದೆ ಎಂಬುದು ನನಗೆ ಮೊದಲೇ ಗೊತ್ತಿತ್ತು, ತಪ್ಪು ನನ್ನದು. ಎರಡು ಪ್ರತಿ. ಒಂದು ಮೇಲಿನ ಕಚೇರಿಗೆ, ಒಂದು ನಮ್ಮದಕ್ಕೆ. ಸಾಹೇಬರು ಎರಡು ಸಲ ಓದಿ, ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ನಾಕು ದಿನ ಬಿಟ್ಟು ವಿಚಾರ ಮಾಡ್ರಿ, ಮೇಡಮ್. ಪಾಪ, ಅವರು ಹೋಗ್ಯಾರ. ಸತ್ತವರಿಗಿ ಇದರಿಂದ ಏನ್ ಉಪಯೋಗ ಅದ?"

"ಬದುಕಿದವರು ಗುಡ್ಡ ಸುತ್ತಿ ಹೊಂಟಾರ್ರಿ, ಸರ್," ಎಂದೆ. "ಕಾಗದ ಮುಟ್ಟ್ಯಾದ ಅಂತ ಸಿಕ್ಕಾ ಹಾಕಿ ಕೊಡ್ರಿ."

ಅವರು ಸಿಕ್ಕಾ ಹುಡುಕಿದರು, ಮಸಿ ಒಣಗಿದೆ ಎಂದರು, ಯಾರಿಗೋ ಫೋನು ಮಾಡಿದರು. ನಾನು ಕುಳಿತುಕೊಳ್ಳಲಿಲ್ಲ. ಕಾಗದದ ಮೇಲೆ ಸಿಕ್ಕಾ ಬೀಳುವವರೆಗೆ ಆ ಮೇಜಿನ ಮುಂದೆ ನಿಂತೇ ಇದ್ದೆ.